ಆಪರೇಷನ್ ಕೋಣೆಯೊಳಗಿನ ನಿಮ್ಮ ಮನೆ

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತಿಗೆಗೆ,

ನಮಸ್ಕಾರ. ಇಲ್ಲಿ ನಾನೂ ನನ್ನ ಮಂಡಿನೋವೂ ಚೆನ್ನಾಗಿದ್ದೇವೆ. ನಿಮ್ಮ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೈಯುವ ಕಷ್ಟ ನಿಮಗೆ ಬೇಡ. ನಿಮ್ಮ ಪಾಲಿನದನ್ನೂ ಸೇರಿಸಿ ನನ್ನ ಹೆಂಡತಿಯೇ ಬೈದಾಗಿದೆ. "ಮೂವತ್ತು ವರ್ಷ ಜನರನ್ನ ಮಲಗಿಸಿದ್ದೇ ಆಯ್ತು. ಎದ್ದಿರೋರಿಗೆ ನಾಲ್ಕು ಸಾಲು ಬರೆಯೋಕೆ ಏನು ಧಾಡಿ?" ಎಂದಳು. ಅರಿವಳಿಕೆ ಡಾಕ್ಟರನ್ನು ಕಟ್ಟಿಕೊಂಡವಳು ಇನ್ನೇನು ಅಂದಾಳು!

"ಮನೆಯಲ್ಲಿದ್ದ ಅರ್ಧ ಮನುಷ್ಯ ನನಗೆ ಗೊತ್ತು. ಆಸ್ಪತ್ರೆಯಲ್ಲಿದ್ದ ಇನ್ನರ್ಧ ಹೇಗಿದ್ದರು, ಬರೀರಿ" ಎಂದು ಕೇಳಿದ್ದೀರಿ. ನಿಮ್ಮ ಯಜಮಾನ, ನನ್ನ ಸರ್ಜನ್ ಗೆಳೆಯ, ಹೋಗಿ ಎಂಟು ತಿಂಗಳಾದ ಮೇಲೆ ನಿಮಗೆ ನಿರಾಸೆ ಮಾಡಬೇಕಾಗಿದೆ. ಆ ಇನ್ನರ್ಧವೂ ನಿಮ್ಮ ಮನೆಯಲ್ಲೇ ಇತ್ತು! ಕೈ ರೋಗಿಯ ಹೊಟ್ಟೆಯೊಳಗೆ, ಬಾಯಿ ನಿಮ್ಮ ಅಡುಗೆಮನೆಯೊಳಗೆ. ನಿಮ್ಮ ಹಲ್ಲುನೋವು, ನಿಮ್ಮ ತಮ್ಮನ ಗೊರಕೆ, ಮಗಳು ಸೈಕಲ್ ಕಲಿಯಲು ಹೋಗಿ ಎದುರುಮನೆಯವರ ಗೇಟು ಮುರಿದದ್ದು, ಎಲ್ಲವೂ ಆಪರೇಷನ್ ಥಿಯೇಟರಿನ ಗೋಡೆಗಳಿಗೂ ಬಾಯಿಪಾಠ.

ಮನೆಯ ಹಾಲ್‌ಗೆ ತಂದ ಕಿಟಕಿ ಪರದೆಗಳ ಜಗಳ ನೆನಪಿದೆಯೇ? ಅವನಿಗೆ ಹಸಿರೇ ಬೇಕಿತ್ತು. ನೀವು, "ಮನೇನೂ ಆಪರೇಷನ್ ಥಿಯೇಟರ್ ಮಾಡ್ತೀರಾ?" ಎಂದಿರಂತೆ. ಮರುದಿನ ಒಂದು ಪಿತ್ತಕೋಶ ತೆಗೆಯುತ್ತ ಈ ಅನ್ಯಾಯವನ್ನು ನಮ್ಮ ಮುಂದಿಟ್ಟ.

"ನೀವೇ ಹೇಳಿ, ಹಸಿರು ಕಣ್ಣಿಗೆ ತಂಪಲ್ವಾ?"

ದೊಡ್ಡ ಸಿಸ್ಟರ್ ಕತ್ತರಿ ಅವನ ಕೈಗಿಡುತ್ತ, "ಅಮ್ಮಾವ್ರು ಹೇಳಿದ್ದೇ ಸರಿ ಸರ್" ಎಂದರು. ವಾರ್ಡ್ ಬಾಯ್ ಅವರ ಕಡೆ. ಸಹಾಯಕ ಡಾಕ್ಟರು, ಪಾಪ ಹೊಸಬ, ಹೆದರಿಕೊಂಡೇ ಅವರ ಕಡೆ. ಕೊನೆಗೆ ನಾನೂ ಅವರ ಕಡೆಯೇ. "ದ್ರೋಹಿ!" ಎಂದು ನನ್ನನ್ನು ಬೈದು ಹೊಲಿಗೆ ಹಾಕಿದ. ಆ ಸಂಜೆ ಮನೆಗೆ ಬಂದು, "ಯೋಚನೆ ಮಾಡಿದೆ, ನೀನು ಹೇಳಿದ್ದೇ ಸರಿ" ಎಂದನಲ್ಲ, ಗಂಡನಿಗೆ ಬುದ್ಧಿ ಬಂತೆಂದು ನೀವು ಹಿಗ್ಗಿದಿರಿ. ಬುದ್ಧಿಯೂ ಇಲ್ಲ, ಯೋಚನೆಯೂ ಇಲ್ಲ. ಮನುಷ್ಯ ನಾಲ್ಕು ಮತಗಳಿಂದ ಸೋತಿದ್ದ.

ಇನ್ನೊಂದು ಸಲ ಒಬ್ಬ ಬಸ್ ಡ್ರೈವರನ ಹರ್ನಿಯಾ ಆಪರೇಷನ್. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದೆ, ಆಸಾಮಿ ಪೂರ್ತಿ ಎಚ್ಚರವಾಗಿದ್ದ. ನಿಮ್ಮ ಮಗಳು ಲೆಕ್ಕದಲ್ಲಿ ಫೇಲಾಗಿ, ಅಂಕಪಟ್ಟಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು, ಮರುಪರೀಕ್ಷೆಗೆ ಓದುತ್ತಿದ್ದ ಕಥೆಯನ್ನು ಇವನು ಹೇಳುತ್ತಿದ್ದ. ಕಥೆಯಲ್ಲಿ ನೀವು ಡಬ್ಬಿಗೆ ಕೈ ಹಾಕುವ ಹೊತ್ತಿಗೆ ಇವನ ಕೆಲಸ ಮುಗಿಯುತ್ತ ಬಂತು. ಪರದೆಯ ಆಚೆಯಿಂದ ಡ್ರೈವರನ ದನಿ: "ಸಾರ್, ಹೊಲಿಗೆ ಸ್ವಲ್ಪ ನಿಧಾನಕ್ಕೆ ಹಾಕಿ, ಕಥೆ ಮುಗೀಲಿ."

ಎರಡು ದಿನದ ಮೇಲೆ ನೋಡಲು ಹೋದಾಗ ಆತ ಮನೆಗೆ ಯಾವಾಗ ಕಳಿಸುತ್ತೀರಿ ಎಂದು ಕೇಳಲಿಲ್ಲ. "ಪಾಪು ಪಾಸಾಯ್ತಾ ಸಾರ್?" ಎಂದ.

ಅವನು ಬಾಯಿ ಮುಚ್ಚಿದ್ದನ್ನು ನಾನು ಸರಿಯಾಗಿ ನೋಡಿದ್ದು ಒಂದೇ ಸಲ. ನಿಮ್ಮ ಮಗನ ಶಾಲೆಯ ನಾಟಕದ ದಿನ. ನಾಟಕದಲ್ಲಿ ಅವನದು ಮರದ ಪಾತ್ರ ಎಂದು ವಾರದಿಂದ ಕೇಳಿ ಕೇಳಿ ನಮಗೆಲ್ಲ ಎಲೆ ಚಿಗುರುವುದೊಂದು ಬಾಕಿಯಿತ್ತು. ಮಧ್ಯಾಹ್ನ ಇವನು ಹೊರಡುವ ಹೊತ್ತಿಗೆ ಒಬ್ಬ ಟೀಚರಮ್ಮನನ್ನು ತಂದರು. ಲಾರಿ ಗುದ್ದಿ, ಒಳಗೆಲ್ಲ ರಕ್ತ. ಮೂರು ಗಂಟೆ ಅವನು ಒಂದು ಮಾತೂ ಆಡಲಿಲ್ಲ. ರಕ್ತ ನಿಂತಾಗ ತಲೆಯೆತ್ತಿ ಗಡಿಯಾರ ನೋಡಿ, "ಅಯ್ಯೋ, ನನ್ನ ಮರ!" ಎಂದು ಕೂಗಿದವನೇ ಕೈಗವಸು ಕಿತ್ತೆಸೆದು ಓಡಿದ.

ಆಮೇಲಿನದು ನಿಮಗೇ ಗೊತ್ತು. ತಲೆಯ ಮೇಲೆ ಹಸಿರು ಟೋಪಿ, ಕಾಲಿಗೆ ಥಿಯೇಟರಿನಲ್ಲಿ ಚಪ್ಪಲಿ ಮೇಲೆ ಹಾಕುವ ಬಟ್ಟೆಚೀಲ, ನೇರ ಮುಂದಿನ ಸಾಲಿಗೆ ನುಗ್ಗಿ, ಯಾರದೋ ಮಗುವಿಗೆ ಎದ್ದು ನಿಂತು ಚಪ್ಪಾಳೆ. ನಮ್ಮ ಮರ ಆಗಲೇ ಬಟ್ಟೆ ಬದಲಿಸಿ ನಿಮ್ಮ ಪಕ್ಕದಲ್ಲೇ ಕೂತಿತ್ತಂತೆ. ನಿಮಗೆ, "ಹೊತ್ತು ಹೋದದ್ದೇ ಗೊತ್ತಾಗಲಿಲ್ಲ" ಎಂದಷ್ಟೇ ಹೇಳಿದನಂತೆ. ನೀವು ಮೂರು ದಿನ ಮಾತು ಬಿಟ್ಟಿರಿ.

"ನಿಜ ಹೇಳೋಕೇನು ನಿನಗೆ?" ಎಂದು ನಾನು ಬೈದೆ. "ಆಪರೇಷನ್ ಮಾಡ್ತಿದ್ದೆ ಅಂದ್ರೆ ಮಗ ಏನೂ ಅನ್ನೋ ಹಾಗಿಲ್ಲ ಕಣೋ. ಕೋಪ ಮಾಡ್ಕೊಳ್ಳೋ ಹಕ್ಕಾದ್ರೂ ಅವನಿಗಿರಲಿ" ಎಂದ. ಆ ಟೀಚರಮ್ಮ ಮೊನ್ನೆ ಮೊನ್ನೆ ನಿವೃತ್ತರಾದರು. ಮಗನಿಗೆ ಈ ಕಾಗದ ಓದಿ ಹೇಳಿ.

ಇಷ್ಟೇ ಅತ್ತಿಗೆ, ನಿಮಗೆ ಗೊತ್ತಿಲ್ಲದ ಅರ್ಧ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬಿ.ಪಿ. ಮಾತ್ರೆ ಬಿಡಬೇಡಿ. ಮಕ್ಕಳಿಬ್ಬರೂ ನೂರು ಕಾಲ ಚೆನ್ನಾಗಿ ಬಾಳಲಿ. ಅವನು ನನಗಿಂತ ಮೂರು ತಿಂಗಳಿಗೆ ದೊಡ್ಡವನಾದ್ದರಿಂದ ನೀವು ನನಗೆ ಅತ್ತಿಗೆ. ಹಾಗಾಗಿ ನಿಮಗೆ ಆಶೀರ್ವಾದ ಮಾಡುವಂತಿಲ್ಲ, ನಮಸ್ಕಾರವೇ.

ಇಂತಿ,
ನಿಮ್ಮ ಮೈದುನ

ತಾ.ಕ.: ಹೆಂಡತಿ ಕವರು ಅಂಟಿಸಲು ಬಂದಳು, ತಡೆದೆ. "ಅವರ ಹಾರ್ಟ್ ಆಪರೇಷನ್ ದಿನ ಕೊನೆವರೆಗೂ ನೀವು ಅವರ ತಲೆ ಹತ್ತಿರಾನೇ ಇದ್ರಲ್ಲ, ನನಗೆ ಅದೊಂದೇ ಸಮಾಧಾನ" ಎಂದು ನೀವು ಕೊನೆಯಲ್ಲಿ ಬರೆದಿದ್ದೀರಿ. ಎರಡು ತಿಂಗಳು ತಡವಾದದ್ದು ಆ ಸಾಲಿನಿಂದ.

ಅತ್ತಿಗೆ, ನಾನು ಒಳಗಿರಲಿಲ್ಲ. ಹಿಂದಿನ ದಿನ ಅವನು, "ನೀನೇ ಮಲಗಿಸಬೇಕು ಕಣೋ" ಎಂದಿದ್ದ. ಹೂಂ ಎಂದಿದ್ದೆ. ಬೆಳಿಗ್ಗೆ ಸಿರಿಂಜು ಎತ್ತಿಕೊಂಡೆ, ಅವನಿಗೆ ಚುಚ್ಚಲಾಗದೆ ಟ್ರೇಗೇ ವಾಪಸ್ ಇಟ್ಟೆ. ನನ್ನ ಬಳಿ ಕಲಿತ ಡಾಕ್ಟರಮ್ಮನಿಗೆ ಒಪ್ಪಿಸಿ ಆಚೆ ಬಂದು ಬಾಗಿಲ ಬಳಿ ನಿಂತೆ. ಆಕೆಯ ಕೆಲಸದಲ್ಲಿ ಒಂದು ಕೂದಲೆಳೆಯ ತಪ್ಪೂ ಇರಲಿಲ್ಲ. ಕನ್ನಡಕ ತೆಗೆದಿದ್ದರಿಂದ ಅವನಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ. "ತಲೆ ಹತ್ತಿರ ಯಾರು, ಅವನೇ ತಾನೆ?" ಎಂದು ಕೇಳಿದ. ದೊಡ್ಡ ಸಿಸ್ಟರ್ ಬಾಗಿಲಲ್ಲಿದ್ದ ನನ್ನನ್ನೊಮ್ಮೆ ನೋಡಿ, "ಹೂಂ ಸರ್, ಅವರೇ" ಎಂದರು.

"ಹಾಗಾದ್ರೆ ಸರಿ" ಎಂದು ಕಣ್ಣು ಮುಚ್ಚಿದ. ಮತ್ತೆ ತೆರೆಯಲಿಲ್ಲ.

ಅಲ್ಲಿರುವುದು ನಾನಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಆಗ ಅವನೆದುರೂ ಬರಲಿಲ್ಲ, ಈ ಎಂಟು ತಿಂಗಳು ನಿಮ್ಮೆದುರೂ ಬರಲಿಲ್ಲ. ಇದನ್ನು ಓದಿದ ಮೇಲೂ ನಾನು ನಿಮ್ಮ ಮನೆಗೆ ಬರಬಹುದು ಎಂದಾದರೆ, ಒಂದು ಸಾಲು ಬರೆಯಿರಿ.