ತುಟಿ ಹಚ್ಚಿ ಕುಡದ ಗಂಜಿ

ಅಪ್ಪಾ,

ಸಾಲ್ಯಾಗ ಬರೇ ಉರ್ದು ಇತ್ತು. ನೀ ಮಗ್ಗದ ಬಾಜೂಕ ಕುಂದ್ರಿಸಿ ಕನ್ನಡ ತಿದ್ದಿಸಿದಿ. ಆ ಅಕ್ಷರದಾಗ ನಿನಗ ಬರಿಯಾಕತ್ತೀನಿ. ಓದಾಕ ನೀ ಇಲ್ಲ, ಗೊತ್ತೈತಿ. ಆದ್ರೂ ಹೇಳದ ಬಿಡಾಂಗಿಲ್ಲ.

ನಿನ್ನ ಕೈಯಾಗಿನ ಲಾಳಿ ಮೊದಲನೇ ಸಲ ಜಾರಿ ಬಿದ್ದದ್ದು ನೆನಪೈತಿ. ಆಮ್ಯಾಲ ಕೈ ಸೊರಗಿದ್ವು, ಕಾಲು ಹೋದ್ವು, ಕಡೀಕ ನಾಲಿಗೀನೂ ತಿರುಗಲಿಲ್ಲ. ಕೊಪ್ಪಳದ ಹಕೀಮರು, "ನರದ ಬ್ಯಾನಿ ಬೇಟಿ, ಬುದ್ಧಿ ಮಾತ್ರ ನೆಟ್ಟಗೈತಿ" ಅಂದು ಎದ್ದು ಹೋದ್ರು. ಹೌದು ಅನ್ನಾಕ ಒಂದು ಸಲ ಕಣ್ಣು ಮುಚ್ಚೋದು, ಬ್ಯಾಡ ಅನ್ನಾಕ ಎರಡು ಸಲ. ಅಷ್ಟ ಉಳಿದಿತ್ತು ನಿನ್ನ ಮಾತು.

ನಮ್ಮೂರು ಭಾಗ್ಯನಗರದಾಗ ವಾಂತಿ-ಭೇದಿ ಹಬ್ಬಿದಾಗ ನಿನಗೂ ಹತ್ತಿತು. ಉಸಿರಿಗೆ ಅಡ್ಡ ಬರಬಾರದಂತ ನಿನ್ನ ಮಗ್ಗಲಕ್ಕ ಹೊರಳಿಸಿ ಬಾಯಿ ಒರಸ್ತಿದ್ದೆ. ಧೋತರ ಎಷ್ಟು ಸಲ ಒಗದೆನೋ. ನಿಮ್ಮಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ಬಾಗಲದಾಗ ನಿಂತು, "ಹೊಟ್ಟಿ ಕೆಟ್ಟವರಿಗೆ ನೀರು ಕೊಡಬಾರದವ್ವಾ. ಕೊಟ್ರೂ ಎತ್ತಿ ಹಾಕು, ತುಟಿ ಹಚ್ಚಿ ಎಂಜಲ ಮಾಡಬ್ಯಾಡ" ಅಂದ್ಲು. ನಮ್ಮ ಮನ್ಯಾಗ ತುಟಿ ಹಚ್ಚಿ ಯಾರು ಕುಡದಾರ? ನಾನೂ ನಿನ್ನ ತಲಿ ಹಿಂದಕ್ಕ ಬಗ್ಗಿಸಿ ಮ್ಯಾಲಿಂದ ಸುರುವಿದೆ. ನೆತ್ತಿಗೆ ಹತ್ತಿ ನಿನ್ನ ಮಾರಿ ನೀಲಿ ಆತು. ಅದು ನನ್ನ ತಪ್ಪು ಅಪ್ಪಾ, ಒಪ್ಕೋತೀನಿ.

ಆವತ್ತ ಮಡಿ ಬಿಟ್ಟೆ. ಗಂಜಿ ತಿಳಿಗೆ ಉಪ್ಪು, ಬೆಲ್ಲ ಹಾಕಿ, ನಿನ್ನ ಗದ್ದ ಎದಿಗೆ ತಾಗೂ ಹಂಗ ಬಗ್ಗಿಸಿ, ಬಟ್ಟಲ ತುಟಿಗೆ ಹಚ್ಚಿದೆ. ಒಂದು ಗುಟುಕು ಇಳಿಯೂತನಾ ಇನ್ನೊಂದು ಕೊಡಲಿಲ್ಲ. ಮರುದಿನ ಮುಂಜಾನೆ ನೀ ನನ್ನ ನೋಡಿ ಎರಡು ಸಲ ಕಣ್ಣು ಮುಚ್ಚಿದಿ. ಗಂಜಿ ಬ್ಯಾಡಂದ್ಯಾ, ಜೀವಾನ ಬ್ಯಾಡಂದ್ಯಾ? ಜೀವಾನ ಅಂತ ನನಗ ತಿಳೀತು. ತಿಳಿದೂ ಕಾಣದವರ ಹಂಗ ಮತ್ತ ಬಟ್ಟಲ ಹಚ್ಚಿದೆ. ನಿನಗಿದ್ದದ್ದು ಅದೊಂದ ಮಾತು, ಅದನ್ನೂ ನಾ...

ನೀ ಉಳಿದಿ. ಎರಡು ದಿನ ನನ್ನ ಕಡೆ ಕಣ್ಣೆತ್ತಿ ನೋಡಲಿಲ್ಲ, ಅಷ್ಟು ಸಿಟ್ಟು. ಮೂರನೇ ದಿನ ನಮ್ಮ ಆಡಿನ ಮರಿ ದೊಡ್ಡವ್ವನ ಮಡಿನೀರಿನ ತಂಬಿಗ್ಯಾಗ ಮೂತಿ ಹಾಕ್ತು. ಆಕಿ ಸೆರಗ ಸಿಗಿಸಿ ಮಗ್ಗದ ಸುತ್ತ ಅದರ ಬೆನ್ನತ್ತಿದ್ಲು. ಆಗ ನಿನ್ನ ಹೊಟ್ಟಿ ಅಲಗ್ಯಾಡಿತು. ಸಪ್ಪಳಿಲ್ಲದ ನಗಿ, ಕಣ್ಣಾಗ ನೀರು. ಮುಂದ ಇನ್ನೊಂದು ಸುಗ್ಗಿತನಾ ನೀ ಇದ್ದಿ.

"ನರಳೂ ಜೀವ, ಬಿಟ್ಟಿದ್ರ ಛಲೋ ಇತ್ತು" ಅಂತ ಓಣ್ಯಾಗ ಈಗೂ ಅಂತಾರ. ಅನ್ನಲಿ. ಆ ನಗಿ ನೋಡಿದವಳು ನಾನು, ಅವರಲ್ಲ.

ನಿನಗ ಗೊತ್ತಿಲ್ಲದ ಸುದ್ದಿ ಒಂದೈತಿ. ಹೋದ ವಾರ ದೊಡ್ಡವ್ವಗೂ ಹೊಟ್ಟಿ ಕೆಟ್ಟಿತು. ತಂಬಿಗಿ ಎತ್ತಾಕೂ ಆಗಲಿಲ್ಲ. ನಿನ್ನ ಬಟ್ಟಲದಾಗ ಗಂಜಿ ತಂದು ತುಟಿ ಹತ್ರ ಹಿಡದೆ.

"ಎಂಜಲದ್ದಲ್ಲೇನ ಇದು?" ಅಂದ್ಲು.

"ಹೌದು, ಅಪ್ಪಂದು" ಅಂದೆ.

ಆಕಿ ನನ್ನ ಮಾರಿ ನೋಡಿ, ಒಂದು ಸಲ ಕಣ್ಣು ಮುಚ್ಚಿ, ತುಟಿ ಹಚ್ಚಿ ಪೂರ್ತಿ ಕುಡದ್ಲು.

ನಿನ್ನ ಮಾತು ಮೀರಿದೆ ಅಪ್ಪಾ. ನೀ ತಿರುಗಿ ಬಂದು ಮತ್ತ ಎರಡು ಸಲ ಕಣ್ಣು ಮುಚ್ಚಿದ್ರ, ಮತ್ತ ಮೀರತೀನಿ. ತಪ್ಪಾತು ಅಂತ ಮಾತ್ರ ಅನ್ನಾಂಗಿಲ್ಲ.

ನಿನ್ನ ಮಗಳು