ಮಗಳು ಸಾಯುವ ಕಂತು

ನವೆಂಬರ್ ೮, ಶನಿವಾರ

ಇವರ ಮುಖ ಇನ್ನೂ ಕಣ್ಣ ಮುಂದೆಯೇ ಇದೆ. ನಟಿಯಾಗುತ್ತೇನೆ ಎಂದ ದಿನದಿಂದ ಮಗಳ ಜೊತೆ ಮಾತು ಬಿಟ್ಟಿದ್ದ ಮನುಷ್ಯ, ಇವತ್ತು ಅವಳ ಆರು ಕಂತಿನ ಪತ್ತೇದಾರಿ ಧಾರಾವಾಹಿ ಶುರುವಾಗುವ ಹೊತ್ತಿಗೆ ಪೇಪರ್ ಹಿಡಿದು ಟಿವಿ ಮುಂದೆಯೇ ಕೂತರು. "ನೋಡೋಕಲ್ಲ, ಇಲ್ಲಿ ಬೆಳಕು ಚೆನ್ನಾಗಿದೆ" ಅಂದರು.

ಮೂಲ ಕಾದಂಬರಿಯನ್ನು ನಾನು ಓದಿದ್ದೆ. ಟೀಚರಮ್ಮನ ಕೊಲೆಯಿಂದಲೇ ಕಥೆ ಶುರು. ಆ ಟೀಚರಮ್ಮನೇ ನಮ್ಮ ಮಗಳು. ಇವರಿಗೆ ಹೇಳಲು ಬಾಯಿ ಬರಲಿಲ್ಲ.

ಮೆಟ್ಟಿಲ ಕೆಳಗೆ ಅವಳು ಸತ್ತುಬಿದ್ದಿದ್ದನ್ನು ತೋರಿಸಿದರು. ಇವರು ಪೇಪರ್ ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ನಟನೆ ಕಣ್ರೀ" ಅಂದೆ.

"ಗೊತ್ತು ಬಿಡೇ, ನಾನೇನು ಮಗುವಾ?" ಎನ್ನುತ್ತಲೇ ಎದ್ದು ಅಡುಗೆಮನೆಗೆ ಹೋದರು. ನೀರಿಗೆ ಇರಬೇಕು ಅಂದುಕೊಂಡೆ. ಹಿಂದೆಯೇ ಹೋಗಿ ನೋಡಿದರೆ ಕಿವಿಗೆ ನನ್ನ ಫೋನು.

"ಹೇಳಮ್ಮಾ" ಎಂದ ಮಗಳ ದನಿ ನನಗೂ ಕೇಳಿಸಿತು.

"ಅಮ್ಮ ಅಲ್ಲ, ನಾನು. ಊಟ ಆಯ್ತಾ?"

"ಇನ್ನೂ ಇಲ್ಲಪ್ಪಾ."

"ಮೊದಲು ಊಟ ಮಾಡು. ಅಷ್ಟು ಹೊತ್ತು ಬರೀ ನೆಲದ ಮೇಲೆ ಮಲಗ್ತಾರೇನೇ? ಶೀತ ಆಗಲ್ವಾ?"

ಇಷ್ಟು ಬರೆದಾಯಿತು, ಫೋನು ಇನ್ನೂ ನನ್ನ ಕೈಗೆ ಬಂದಿಲ್ಲ. ನಾನೂ ಕೇಳಲು ಹೋಗಿಲ್ಲ.