ಚಳಿ ಎಂಬ ಮಾತು

ಗೋಗಿ, ಏಪ್ರಿಲ್ ಹನ್ನೆರಡು

ಮಡಿಕೇರಿಯ ಬೀಗತಿ ಅಕ್ಕಾವ್ರಿಗೆ ಸುಗಲಮ್ಮನ ಶರಣು.

ಇಲ್ಲಿ ನಲವತ್ಮೂರು ಡಿಗ್ರಿ ಬಿಸಿಲು. ಆರು ತಿಂಗಳ ಬಸುರಿ, ನಿಮ್ಮ ಮಗಳು ಸುಮಲತಾ ನಿನ್ನೆ ನೀರು ತುಂಬುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ತವರಿಗೆ ಕಳಿಸೋಣವೆಂದರೆ ನಮ್ಮ ಮನೆಯವರು, "ನೀ ಇಲ್ಲೇ ಹಡದಿಲ್ಲೇನು?" ಅಂತಾರೆ. ಇಂಥದೇ ಬೇಸಿಗೆಯಲ್ಲಿ ಒಂದು ಕೂಸನ್ನು ಮಣ್ಣು ಮಾಡಿದ್ದು ಅವರಿಗೆ ನೆನಪಿಲ್ಲ.

ಫೋನು ಅವರ ಕಿಸೆಯಲ್ಲೇ ಇರುತ್ತದೆ. ನೀವು ಅವರಿಗೆ, "ನನಗ ಬಾಳ ಚಳಿ, ಮಗಳನ್ನ ಕಳಿಸ್ರಿ" ಎಂದಷ್ಟೇ ಹೇಳಿರಿ. ನಿಮ್ಮಲ್ಲಿ ಚಳಿಯೆಂದರೆ ಹವೆ. ನಾವು ಅದಕ್ಕೆ ಥಂಡಿ ಅಂತೇವೆ; ನಮಗೆ ಚಳಿಯೆಂದರೆ ಜ್ವರ. ಸುಳ್ಳಿನ ಪಾಪ ಇಬ್ಬರಿಗೂ ಹತ್ತುವುದಿಲ್ಲ.

ನಸುಕಿನಲ್ಲಿ ಅಲ್ಲಿ ಈಗಲೂ ಚಳಿ ಇರುತ್ತದಂತೆ. ಆ ಹೊತ್ತಿಗೇ ಫೋನ್ ಮಾಡಿರಿ. ಬಸವಣ್ಣ ಕೇಳಿಸಿಕೊಂಡರೂ ಮಾತು ಖರೆ ಇರಲಿ.

ನಿಮ್ಮ ಬೀಗತಿ,
ಸುಗಲಮ್ಮ